ಯಾವುದಪ್ಪನ ದುರ್ಬೀನು

ಅವನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅದು ಅಂಗಡಿಯ ಲೈಸೆನ್ಸಿನ ಮೇಲೆ, ಗಾಜು ಹಾಕಿಸಿದ ಕಟ್ಟಿನೊಳಗೆ, ಯಾರ ಕಾಟವೂ ಇಲ್ಲದೆ ತಣ್ಣಗೆ ಕೂತಿತ್ತು. ಬೀದಿಯವರ ಪಾಲಿಗೆ ಅವನು ಯಾವುದಪ್ಪ. ಕನ್ನಡಕದ ಅಂಗಡಿಯ ಒಳಕೋಣೆಯಲ್ಲಿ ಗಿರಾಕಿಯನ್ನು ಎತ್ತರದ ಕುರ್ಚಿಯಲ್ಲಿ ಕೂರಿಸುವುದು, ಮೂಗಿನ ಮೇಲೆ ಭಾರದ ದುಂಡು ಫ್ರೇಮು ಏರಿಸುವುದು, ಒಂದು ಕಣ್ಣು ಮುಚ್ಚಿಸಿ ಇನ್ನೊಂದರ ಮುಂದೆ ಗಾಜು ಹಾಕಿ ತೆಗೆದು, ತೆಗೆದು ಹಾಕಿ, ‘ಇದಾ, ಅದಾ? ಯಾವುದಪ್ಪ ಚೆನ್ನಾಗಿ ಕಾಣ್ತದೆ?’ ಎಂದು ಕೇಳುವುದು ಅವನ ಕಸುಬು. ಬೆಳಗಿನಿಂದ ಸಂಜೆಯವರೆಗೆ ಅದೊಂದೇ ಪ್ರಶ್ನೆ ಕೇಳಿಸಿಕೊಂಡ ಜನ ಅದನ್ನೇ ಅವನ ತಲೆಗೆ ಕಟ್ಟಿದರು. ಹೆಸರಿನ ಹಾಗೆಯೇ ಕೇಳಿಸುತ್ತಿದ್ದದ್ದರಿಂದ ಅವನೂ ಓಗೊಡತೊಡಗಿದ.

ಕಸುಬಿನ ಗುಣ ಮೈಗೆ ಹತ್ತಿತೋ, ಮೈಯ ಗುಣವೇ ಕಸುಬಾಯಿತೋ ಹೇಳುವುದು ಕಷ್ಟ. ಇಡೀ ಊರಿನಿಂದ ಉತ್ತರ ಹೊರಡಿಸಿದವನು ತಾನು ಮಾತ್ರ ಯಾವುದಕ್ಕೂ ಉತ್ತರ ಕೊಟ್ಟವನಲ್ಲ. ಹೋಟೆಲಿಗೆ ಹೋದರೆ ಪಕ್ಕದ ಮೇಜಿನವರು ತಿಂದು ಕೈ ತೊಳೆಯುವ ತನಕ ಇವನು ತಿಂಡಿಯ ಪಟ್ಟಿಯನ್ನೇ ನೋಡುತ್ತಿರುತ್ತಾನೆ. ಬಸ್ಸಿನಲ್ಲಿ ಒಂದೇ ಸೀಟು ಖಾಲಿ ಇದ್ದರೆ ಕೂರುತ್ತಾನೆ, ಎರಡಿದ್ದರೆ ನಿಂತೇ ಹೋಗುತ್ತಾನೆ. ಮದುವೆಯಾದದ್ದೂ ಹೀಗೆಯೇ. ಹಡಗುಕಟ್ಟೆಯಲ್ಲಿ ಕಾವಲಿನ ಕೆಲಸದಲ್ಲಿದ್ದ ತಂದೆಗೆ ಕನ್ನಡಕ ಮಾಡಿಸಲು ಒಬ್ಬ ಹುಡುಗಿ ಬಂದಳು. ಫ್ರೇಮು ಸಡಿಲವಾಯಿತು ಅಂತ ಮತ್ತೆ ಬಂದಳು. ಬಿಗಿಯಾಯಿತು ಅಂತಲೂ ಬಂದಳು. ಯಾವುದಪ್ಪನಿಗೆ ವಿಷಯ ಅರ್ಥವಾಗಿತ್ತು, ಆದರೂ ಮೀನ ಮೇಷ ಎಣಿಸುತ್ತ ಸ್ಕ್ರೂ ತಿರುಗಿಸುತ್ತಲೇ ಇದ್ದ. ಕೊನೆಗೆ ಅವಳೇ, ‘ನಮ್ಮಪ್ಪನ ಕನ್ನಡಕದ ಸ್ಕ್ರೂ ಸವೆದುಹೋಯ್ತು. ಇನ್ನು ನೀವೇ ಮನೆಗೆ ಬಂದು ಮಾತಾಡಿ,’ ಅಂದಳು. ಅವನ ಬದುಕಿನ ಅತಿ ದೊಡ್ಡ ತೀರ್ಮಾನ ಹೀಗೆ ಅವನ ಕೈ ಮೀರಿ ಆಯಿತು. ಸರಿಯಾಗಿಯೂ ಆಯಿತು.

ಅಂಗಡಿಯಲ್ಲಿ ಮಾತ್ರ ಅವನು ಮಹಾ ಪಾಕಡಾ. ಗಿರಾಕಿಯ ಮುಂದೆ ಫ್ರೇಮುಗಳ ಮೂರು ಟ್ರೇ ಇಡುತ್ತಿದ್ದ. ಮೊದಲನೆಯದು ಅಗ್ಗದ್ದು, ಹಾಕಿಕೊಂಡರೆ ಯಾರೂ ಮುಖ ಎತ್ತಿ ನೋಡದಂಥದು. ಮೂರನೆಯದು ಬೆಲೆ ಕೇಳಿದರೆ ಎದೆ ಹಿಡಿದುಕೊಳ್ಳುವಂಥದು. ನಡುವಿನ ಟ್ರೇಯಲ್ಲಿ ಅವನಿಗೆ ಮಾರಬೇಕಾದ ಮಾಲು. ಗಿರಾಕಿ ಮೊದಲನೆಯದನ್ನು ನೋಡಿ ಮೂಗು ಮುರಿದು, ಮೂರನೆಯದನ್ನು ಮುಟ್ಟಿ ಕೈ ಹಿಂದೆಗೆದು, ತನ್ನ ಬುದ್ಧಿವಂತಿಕೆಯನ್ನು ತಾನೇ ಮೆಚ್ಚಿಕೊಂಡು ನಡುವಿನದನ್ನು ಎತ್ತಿಕೊಳ್ಳುತ್ತಿದ್ದ. ‘ಒಳ್ಳೇ ಆಯ್ಕೆ,’ ಎಂದು ಯಾವುದಪ್ಪ ತಲೆದೂಗುತ್ತಿದ್ದ. ಮೂರನೆಯ ಟ್ರೇ ಅಂಗಡಿ ತೆರೆದ ದಿನದಿಂದ ಹಾಗೇ ಇದೆ. ಅದನ್ನು ದಿನವೂ ಒರೆಸುತ್ತಾನೆ.

ಮಾವ ತೀರಿಕೊಂಡ ಮೇಲೆ ಅತ್ತೆ ಇವರ ಮನೆಗೇ ಬಂದರು. ಬರುವಾಗ ಒಂದು ಟ್ರಂಕು, ಚುರುಕು ನಾಲಿಗೆ, ಮಾವನ ಹಿತ್ತಾಳೆ ದುರ್ಬೀನು ತಂದರು. ದುರ್ಬೀನು ಒಂಟಿ ಕೊಳವೆಯದು, ಎಳೆದರೆ ಉದ್ದವಾಗುವಂಥದು. ಅದು ಮಗಳ ಪಾಲಿಗೆ ಬಂತು. ವಾರವಿಡೀ ಹೊಲಿಗೆ ಮಿಷನ್ನಿನ ಮುಂದೆ ಕೂತು ಊರವರ ಅಳತೆಗೆ ಬಟ್ಟೆ ಕತ್ತರಿಸುವ ಅವಳು ವಾರಕ್ಕೊಂದು ಬೆಳಿಗ್ಗೆ ಆ ಕೊಳವೆ ಹಿಡಿದು ಊರಾಚೆಯ ಕೆರೆಗೆ ಹೋಗುತ್ತಿದ್ದಳು. ಅಲ್ಲಿ ಹಕ್ಕಿ ನೋಡುವವರ ಒಂದು ಗುಂಪು ಸೇರುತ್ತಿತ್ತು. ಹಲ್ಲಿನ ಡಾಕ್ಟರು ಅದರ ಮುಖಂಡರು. ಆದರೆ ಹಕ್ಕಿ ಯಾವುದೆಂಬ ಜಗಳ ಬಂದಾಗ ಎಲ್ಲರೂ ತಿರುಗುತ್ತಿದ್ದದ್ದು ಈ ಹೆಂಗಸಿನ ಕಡೆಗೆ.

ಗೊರವ ಅಂತ ಒಂದು ಜಾತಿಯ ಹಕ್ಕಿಗಳಿವೆ. ಕೆಸರಿನಲ್ಲಿ ಓಡಾಡಿಕೊಂಡಿರುತ್ತವೆ, ಎಲ್ಲವೂ ಕಂದು ಬಣ್ಣ, ಒಂದನ್ನು ನೋಡಿದರೆ ಇನ್ನೊಂದನ್ನು ನೋಡಬೇಕಾಗಿಲ್ಲ. ಗುಂಪಿನವರು ಪುಸ್ತಕ ಬಿಚ್ಚಿ ತಲೆ ಕೆರೆದುಕೊಳ್ಳುತ್ತಿರುವಾಗ ಇವಳು ಕೊಳವೆಯನ್ನು ಬಲಗಣ್ಣಿಗೆ ಹಚ್ಚಿ, ‘ಮುಂದಿನದು ಹಸಿರುಗಾಲಿನದು. ಅದರ ಹಿಂದೆ ಬಾಲ ಕುಣಿಸ್ತಾ ಇರೋದು ಗದ್ದೆ ಗೊರವ,’ ಅಂದುಬಿಡುತ್ತಿದ್ದಳು. ಪುಸ್ತಕಗಳು ಮುಚ್ಚಿಕೊಳ್ಳುತ್ತಿದ್ದವು. ಬೇರೆಲ್ಲೂ ಅವಳ ಮಾತಿಗೆ ಅಷ್ಟು ತೂಕ ಇರಲಿಲ್ಲ. ಆ ಒಂದು ಬೆಳಿಗ್ಗೆಗಾಗಿ ಅವಳು ವಾರದ ಮಿಕ್ಕ ದಿನಗಳನ್ನು ಹೊಲಿದು ಮುಗಿಸುತ್ತಿದ್ದಳು ಅಂದರೂ ತಪ್ಪಿಲ್ಲ.

ಹೋದ ಚಳಿಗಾಲದಲ್ಲಿ ಯಾವುದಪ್ಪನೂ ಜೊತೆಗೆ ಹೋಗಿದ್ದ. ಹೆಂಡತಿ ಕೊಳವೆ ಹಚ್ಚಿದಳು, ಇಳಿಸಿದಳು, ಸೆರಗಿನಿಂದ ಒರೆಸಿ ಮತ್ತೆ ಹಚ್ಚಿದಳು.

‘ರೀ, ಕೆರೆ ನಡುವಿನ ನೀರಿನ ಅಳತೆ ಕಂಬ ಬಾಗಿದೆಯಾ?’

‘ಇಲ್ವಲ್ಲ. ನೆಟ್ಟಗೇ ಇದೆ.’

‘ನನಗೆ ಸೊಂಟದ ಹತ್ತಿರ ಸೊಟ್ಟಗೆ ಕಾಣ್ತದೆ. ಮೇಲೆ ಕೂತಿರೋ ನೀರುಕಾಗೆಗೆ ತಲೆನೇ ಇಲ್ಲ. ನಡುವೆ ಒಂಥರಾ ಒರೆಸಿದ ಹಾಗಿದೆ.’

ಯಾವುದಪ್ಪ ಕೊಳವೆಯನ್ನು ಕೈಗೆ ತೆಗೆದುಕೊಂಡ. ಕಣ್ಣಿಗೆ ಹಚ್ಚುವ ಗೋಜಿಗೇ ಹೋಗಲಿಲ್ಲ. ಗಾಜಿನ ವಿಷಯ ಅವನಿಗೆ ಯಾರು ಹೇಳಬೇಕು? ‘ಗಾಜು ಹೋಗಿದೆ,’ ಅಂದ. ‘ಹಳೇ ಗಾಜು ಕಣೇ. ನಡುವೆ ಬೂಜು ಹಿಡಿಯುತ್ತೆ, ಗೆರೆಗಳೆಲ್ಲ ಬಾಗುತ್ತೆ. ನಿನಗೊಂದು ಹೊಸದು ತಂದುಕೊಡ್ತೀನಿ. ಮೂರು ಕಾಲಿನ ಮೇಲೆ ನಿಲ್ಲಿಸ್ತಾರಲ್ಲ, ಸ್ಕೋಪು, ಅಂಥದ್ದು.’

ಇಷ್ಟು ವರ್ಷದಲ್ಲಿ ಗಂಡ ತಾನಾಗಿ ಏನನ್ನಾದರೂ ತರುತ್ತೇನೆ ಅಂದದ್ದು ಅದೇ ಮೊದಲು. ಅವಳ ಮುಖ ಅರಳಿತು. ‘ಕಣ್ಣೇ ಹೋಯ್ತೇನೋ ಅಂತ ಹೆದರಿಬಿಟ್ಟಿದ್ದೆ,’ ಅಂದಳು.

‘ನಿನ್ನ ಕಣ್ಣಿಗೇನು ಧಾಡಿ? ಅದು ಹದ್ದಿನ ಕಣ್ಣು.’

ಅದು ಬರೀ ಬಾಯಿಮಾತಲ್ಲ, ಅವನ ನಂಬಿಕೆ. ಮದುವೆಯ ಹೊಸತರಲ್ಲಿ ಒಮ್ಮೆ ಅವಳನ್ನು ಆ ಎತ್ತರದ ಕುರ್ಚಿಯಲ್ಲಿ ಕೂರಿಸಿದ್ದ. ಅವಳು ಕೊನೆಯ ಸಾಲಿನ ಅಕ್ಷರಗಳನ್ನು ಪಟಪಟ ಓದಿ, ಅದರ ಕೆಳಗಿದ್ದ ಮುದ್ರಣಾಲಯದ ಹೆಸರನ್ನೂ ಓದಿಬಿಟ್ಟಿದ್ದಳು. ಅವತ್ತಿನಿಂದ ಅವನು ಗಿರಾಕಿಗಳ ಮುಂದೆಲ್ಲ ಅದನ್ನು ಹೇಳಿಕೊಂಡು ತಿರುಗಿದ. ನಲವತ್ತು ದಾಟಿದ ಮೇಲೆ ಹೊಲಿಗೆಗೆಂದು ಒಂದು ಓದುವ ಕನ್ನಡಕ ಕೊಟ್ಟದ್ದೂ ಗೋಡೆಯ ಮೊಳೆಯಲ್ಲಿ ನೇತುಹಾಕಿದ್ದನ್ನು ತೆಗೆದೇ. ಕುರ್ಚಿಯಲ್ಲಿ ಕೂರಿಸುವುದಕ್ಕೆ ಅವಳೇನು ಗಿರಾಕಿಯೇ?

ಸ್ಕೋಪು ತರುವ ಸುದ್ದಿ ಕೇಳಿ ಅತ್ತೆ ಕಡ್ಡಿ ಮುರಿದ ಹಾಗೆ ಹೇಳಿದರು. ‘ಅಳಿಯಂದ್ರಿಗೆ ಸ್ಕೋಪು ಈಗಾಗ್ಲೇ ಜಾಸ್ತಿ ಇದೆ. ಇನ್ನೊಂದು ಯಾಕೆ?’

ಯಾವುದಪ್ಪ ಕೇಳಿಸದವನಂತೆ ಇದ್ದ. ಅತ್ತೆಯ ವಿಷಯದಲ್ಲಿ ಅವನಿಗೆ ರೂಢಿಯಾಗಿದ್ದ ಒಂದೇ ತೀರ್ಮಾನ ಅದು.

ಮೊದಲು ಅವನು ಓದತೊಡಗಿದ. ಅಂಗಡಿಗೆ ಕಂಪನಿಗಳ ಬಣ್ಣದ ಹಾಳೆಗಳನ್ನು ತರಿಸಿಕೊಂಡು ಗೋಡೆಗೆಲ್ಲ ಅಂಟಿಸಿದ. ಮುಂದಿನ ಗಾಜು ಎಷ್ಟು ಅಗಲ ಇರಬೇಕು, ಅಗಲವಾದರೆ ಬೆಳಕು ಜಾಸ್ತಿ ಆದರೆ ಹೊರುವುದು ಕಷ್ಟ. ಎಷ್ಟು ದೊಡ್ಡದು ಮಾಡಿ ತೋರಿಸಬೇಕು, ಹೆಚ್ಚು ದೊಡ್ಡದಾದರೆ ಗಾಳಿಗೆ ಹಕ್ಕಿ ನಡುಗುತ್ತದೆ. ಕೊಳವೆ ನೆಟ್ಟಗಿರಬೇಕೋ, ಬಗ್ಗಿ ನೋಡುವಂತೆ ಬಾಗಿರಬೇಕೋ. ಇದಾ, ಅದಾ? ಬಾಗಿದ ಕೊಳವೆಯ ಬಗ್ಗೆಯೇ ಅವನು ಮಳೆಗಾಲದ ಅರ್ಧ ಕಳೆದ. ಕನ್ನಡಕಕ್ಕೆಂದು ಬಂದವರು ಕುರ್ಚಿಯಲ್ಲಿ ಕೂತು ಕೊಳವೆಯ ಪುರಾಣ ಕೇಳಿ ಎದ್ದುಹೋದರು.

ಕೆರೆಯ ಗುಂಪಿನಲ್ಲಂತೂ ಅವನ ಬೆಲೆ ಏರಿತು. ಹಕ್ಕಿಗಳ ತಲೆಬುಡ ಗೊತ್ತಿಲ್ಲದವನು ಒಂದೇ ಋತುವಿನಲ್ಲಿ ಗಾಜಿನ ಪಂಡಿತನಾದ. ಗಂಡಸರೆಲ್ಲ ಅವನ ಸುತ್ತ ನೆರೆದು ಯಾರ ಸ್ಕೋಪು ಹೆಚ್ಚು ಎಂದು ವಾದಿಸುತ್ತಿದ್ದರು. ಅವರ ತಲೆಯ ಮೇಲೆಯೇ ಹಕ್ಕಿಗಳು ಹಾರಿಹೋಗುತ್ತಿದ್ದವು, ಕತ್ತೆತ್ತಿದವರಿಲ್ಲ. ಹಲ್ಲಿನ ಡಾಕ್ಟರದ್ದು ಎಲ್ಲಕ್ಕಿಂತ ದುಬಾರಿಯದು. ಅದರ ಚೀಲ, ಚೀಲದೊಳಗಿನ ಚೀಲ, ಮುಚ್ಚಳ, ಮುಚ್ಚಳದ ದಾರ ಎಲ್ಲ ಬಿಚ್ಚುವ ಹೊತ್ತಿಗೆ ಹಕ್ಕಿ ಮೊಟ್ಟೆ ಇಟ್ಟು ಮರಿ ಮಾಡಬಹುದಿತ್ತು. ಒಂದು ದಿನ ಡಾಕ್ಟರು ಧಾರಾಳವಾಗಿ, ‘ನೋಡಮ್ಮ,’ ಎಂದು ಯಾವುದಪ್ಪನ ಹೆಂಡತಿಯನ್ನು ಕರೆದರು. ಇವಳು ಬಗ್ಗಿ ನೋಡಿ, ಸಂಕೋಚದಿಂದ, ‘ಇದರಲ್ಲೂ ಕಂಬ ಸೊಟ್ಟಗೇ ಇದೆ,’ ಅಂದಳು. ಡಾಕ್ಟರ ಮುಖ ಹುಳ್ಳಗಾಯಿತು. ಯಾವುದಪ್ಪನಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ದುಬಾರಿಯದೆಲ್ಲ ಬರೀ ಬಡಾಯಿ, ಅಗ್ಗದ್ದು ಕಸ, ಏನಿದ್ದರೂ ನಡುವಿನ ಬೆಲೆಯದರಲ್ಲೇ ಸತ್ಯ ಇರುವುದು ಎಂದು ಅವನು ಊರಿಗೆಲ್ಲ ಸಾರಿದ.

ನಡುವಿನ ಬೆಲೆಯದನ್ನು ಹುಡುಕಿಕೊಂಡು ಗಂಡಹೆಂಡತಿ ಪೇಟೆಯ ಅಂಗಡಿಗೆ ಹೋದರು. ಕ್ಯಾಮೆರಾ, ಗೋಡೆ ಗಡಿಯಾರ, ದುರ್ಬೀನು ಮಾರುವ ಅಂಗಡಿ. ಅಂಗಡಿಯವನು ಹಸನ್ಮುಖಿ. ಮೇಜಿನ ಮೇಲೆ ಬಟ್ಟೆ ಹಾಸಿ ಮೂರು ಸ್ಕೋಪು ಸಾಲಾಗಿ ಇಟ್ಟ.

‘ಇದು ಸಾಧಾರಣ ಸರ್, ಹೇಗೋ ನಡೀತದೆ. ಇದು ಒಳ್ಳೇದು, ಬಾಳಿಕೆ ಬರುತ್ತೆ. ಈ ಕೊನೇದು ನಿಮಗೆ ಬೇಡ ಬಿಡಿ, ಸುಮ್ನೆ ನೋಡ್ಲಿ ಅಂತ ಇಟ್ಟೆ.’

ಯಾವುದಪ್ಪ ಬೆಚ್ಚಿದ. ಇದು ಅವನದೇ ಪಾಠ, ಅವನದೇ ದನಿ, ಅವನದೇ ಹಲ್ಕಿರಿತ. ನಡುವಿನದನ್ನು ಎತ್ತಿಕೊಂಡರೆ ಇವನ ಬಲೆಗೆ ಬಿದ್ದ ಹಾಗಾಯಿತು, ತಾನು ತನ್ನ ಗಿರಾಕಿಗಳಿಗಿಂತ ದಡ್ಡನಾದ ಹಾಗಾಯಿತು. ಅಗ್ಗದ್ದನ್ನು ಕೊಂಡರೆ ಹಲ್ಲಿನ ಡಾಕ್ಟರು ನಗುತ್ತಾರೆ. ದುಬಾರಿಯದನ್ನು ಕೊಳ್ಳುವ ಗಂಡಸು ಅವನ ಅಂಗಡಿಯಲ್ಲೂ ಇದುವರೆಗೆ ಹುಟ್ಟಿಲ್ಲ. ‘ನೀನೇ ನೋಡು,’ ಎಂದು ಹೆಂಡತಿಯನ್ನು ಮುಂದೆ ತಳ್ಳಿದ.

ಅವಳು ಬೀದಿಯಾಚೆಯ ದೀಪದ ಕಂಬಕ್ಕೆ ಗುರಿ ಹಿಡಿದು ಮೂರರಲ್ಲೂ ನೋಡಿದಳು. ಬಲಗಣ್ಣು ಹಚ್ಚಿ, ಎಡಗಣ್ಣನ್ನು ಬಿಗಿಯಾಗಿ ಮುಚ್ಚಿ, ಅಪ್ಪ ಕಲಿಸಿದ ಹಾಗೆ. ‘ರೀ, ಮೂರರಲ್ಲೂ ಬಾಗಿದೆ,’ ಅಂದಳು ಮೆಲ್ಲಗೆ.

ಅಂಗಡಿಯವನು ಧಾವಿಸಿ ಬಂದು ತಾನೇ ನೋಡಿದ. ‘ಕೋಲು ಇಟ್ಟ ಹಾಗಿದೆಯಲ್ಲಮ್ಮ.’

ಯಾವುದಪ್ಪ ಕಣ್ಣಿಟ್ಟ. ಕಂಬ ನೆಟ್ಟಗಿತ್ತು. ಇನ್ನೊಮ್ಮೆ ನೋಡಿದ, ನೆಟ್ಟಗೇ ಇತ್ತು. ಆದರೆ ಹೆಂಡತಿಗೆ ಕಂಡ ದೋಷ ಪಂಡಿತನಾದ ತನಗೆ ಕಾಣಲಿಲ್ಲ ಅಂದರೆ ಮರ್ಯಾದೆಯ ಪ್ರಶ್ನೆ. ಉಸಿರು ಬಿಗಿಹಿಡಿದು ನೋಡುತ್ತಲೇ ಇದ್ದ. ಕೊನೆಗೆ ಕಂಬ ಒಂಚೂರು ಬಾಗಿದಂತೆ ಕಂಡಿತು. ಅಷ್ಟು ಹೊತ್ತು ದಿಟ್ಟಿಸಿದರೆ ಯಾವ ಕಂಬವಾದರೂ ಬಾಗಲೇಬೇಕು.

‘ಬಾಗಿದೆ,’ ಎಂದು ತೀರ್ಪು ಕೊಟ್ಟ. ‘ನಿಮ್ಮದು ಮಾರೋರ ಕಣ್ಣು. ಅದಕ್ಕೆ ಎಲ್ಲಾ ನೆಟ್ಟಗೇ ಕಾಣ್ತದೆ.’

ಅಲ್ಲಿಂದ ಶುರುವಾಯಿತು ತರುವುದು, ವಾಪಸು ಮಾಡುವುದು. ಒಂದು ಸ್ಕೋಪು ಮನೆಗೆ ಬರುವುದು, ಅವಳು ಮಾಳಿಗೆಯ ಮೇಲಿಂದ ನೋಡುವುದು, ಎದುರು ಮನೆಯ ಕಿಟಕಿ ಸರಳು ಅಲೆಯ ಹಾಗೆ ಕಾಣುತ್ತದೆ ಅನ್ನುವುದು, ಯಾವುದಪ್ಪ ಅದನ್ನು ಚೀಲಕ್ಕೆ ತುಂಬಿ ಅಂಗಡಿಗೆ ಹೋಗಿ ಜಗಳ ಕಾಯುವುದು. ಅಂಗಡಿಯವನು ಮೊದಮೊದಲು ಚಹಾ ತರಿಸಿ ಸಮಾಧಾನ ಹೇಳುತ್ತಿದ್ದ. ಆಮೇಲೆ ಇವನ ತಲೆ ಕಂಡರೆ ಸಾಕು, ಗಡಿಯಾರಗಳ ಹಿಂದೆ ಮರೆಯಾಗುತ್ತಿದ್ದ.

ಒಂದು ಸಂಜೆ ಅವಳು ಮಾಳಿಗೆಯ ಮೆಟ್ಟಿಲ ಮೇಲೆ ಕೂತು, ‘ರೀ, ಎಲ್ಲದರಲ್ಲೂ ಸೊಟ್ಟಗೇ ಕಾಣೋದು ಅಂದ್ರೆ ಒಂದ್ವೇಳೆ ನನ್ನ…’ ಎಂದು ಶುರುಮಾಡಿದಳು.

‘ಎಲ್ಲಾ ಒಂದೇ ಕಾರ್ಖಾನೆ ಗಾಜು ಕಣೇ,’ ಎಂದು ಅವನು ಮಧ್ಯದಲ್ಲೇ ಬಾಯಿ ಹಾಕಿದ. ‘ಮೇಲಿನ ಲೇಬಲ್ಲು ಬೇರೆ, ಅಷ್ಟೇ. ನೀನು ತಲೆ ಕೆಡಿಸ್ಕೋಬೇಡ. ನಾನು ಬಿಡಲ್ಲ.’

ಅವಳು ಮತ್ತೆ ಆ ಮಾತು ಎತ್ತಲಿಲ್ಲ. ತನಗೋಸ್ಕರ ಇಷ್ಟು ಒದ್ದಾಡುತ್ತಿರುವ ಗಂಡನಿಗೆ ಅಡ್ಡ ಮಾತಾಡುವುದು ಹೇಗೆ?

ಕೆರೆಯ ದಂಡೆಯಲ್ಲಿ ಮಾತ್ರ ಅವಳ ಮಾತು ಕಡಿಮೆಯಾಗುತ್ತ ಬಂತು. ಒಂದು ದಿನ ಆಚೆ ದಂಡೆಯಲ್ಲಿ ಬೆಳ್ಳಕ್ಕಿ ಕೂತಿದೆ ಅಂದಳು. ಗಾಳಿ ಬಂದು ಬೆಳ್ಳಕ್ಕಿ ಎದ್ದಿತು, ಅದು ಪ್ಲಾಸ್ಟಿಕ್ ಚೀಲವಾಗಿತ್ತು. ಹಲ್ಲಿನ ಡಾಕ್ಟರು ತಮ್ಮ ಎಲ್ಲ ಹಲ್ಲುಗಳೂ ಕಾಣುವಂತೆ ನಕ್ಕರು. ಗೊರವಗಳ ಹೆಸರು ಕೇಳಿದರೆ, ‘ಈ ಕೊಳವೆಯಲ್ಲಿ ಸರಿಯಾಗಿ ಕಾಣ್ತಿಲ್ಲ, ನೀವೇ ನೋಡಿ,’ ಅನ್ನತೊಡಗಿದಳು. ಆಮೇಲಾಮೇಲೆ ಯಾರೂ ಕೇಳುವುದನ್ನೇ ಬಿಟ್ಟರು. ಅವಳು ಎಲ್ಲರ ಹಿಂದೆ ಕ್ಯಾನ್‌ವಾಸ್ ಸ್ಟೂಲಿನ ಮೇಲೆ ಕೊಳವೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿದ್ದಳು. ಅದನ್ನು ನೋಡಿ ಯಾವುದಪ್ಪನ ಕರುಳು ಚುರ್ ಅನ್ನುತ್ತಿತ್ತು. ಪಾಪ, ಒಳ್ಳೆಯ ಗಾಜು ಇಲ್ಲದೆ ಎಂಥ ಅವಸ್ಥೆ ಎಂದು ಇನ್ನಷ್ಟು ಹಾಳೆ ತರಿಸಿ ಓದುತ್ತಿದ್ದ.

ಮನೆಯಲ್ಲಿ ಅತ್ತೆ ಸುಮ್ಮನಿರಲಿಲ್ಲ. ‘ಅಳಿಯಂದ್ರೇ, ಸೂಜಿಗೆ ದಾರ ಹಾಕ್ಕೊಡು ಅಂತ ಇವಳು ಈಗ ನನ್ನ ಕರೀತಾಳೆ. ನನ್ನ ವಯಸ್ಸೇನು, ಅವಳ ವಯಸ್ಸೇನು?’

‘ಈಗಿನ ಸೂಜಿಗಳ ಕಣ್ಣೇ ಸರಿಯಿಲ್ಲ ಅತ್ತೆ,’ ಅಂದ ಯಾವುದಪ್ಪ, ಹಾಳೆಯಿಂದ ಮುಖ ಎತ್ತದೆ. ಮಾರನೆಯ ದಿನ ಬೇರೆ ಕಂಪನಿಯ ಸೂಜಿ ತಂದುಕೊಟ್ಟ.

ಮತ್ತೆ ಚಳಿಗಾಲ ಬಂತು, ಗೊರವಗಳು ಕೆರೆಗೆ ಮರಳಿದವು. ಸ್ಕೋಪು ಬಂದಿರಲಿಲ್ಲ. ಕೊನೆಗೆ ಹೆಂಡತಿಯೇ, ‘ಯಾವುದಾದ್ರೂ ಒಂದು ತಗೊಂಡುಬಿಡಿ. ಎಲ್ಲಾ ಒಂದೇ ಥರ ಇದೆ,’ ಅಂದಳು. ಆ ದನಿಯಲ್ಲಿ ಆಸೆಯೇನೂ ಉಳಿದಿರಲಿಲ್ಲ. ಯಾವುದಪ್ಪನಿಗೆ ಕೇಳಿಸಿದ್ದು ಅಪ್ಪಣೆ ಮಾತ್ರ. ಪೇಟೆಗೆ ಹೋಗಿ, ಮೊದಲ ದಿನ ಬಟ್ಟೆಯ ಮೇಲೆ ಮೂರರ ನಡುವೆ ಇಟ್ಟಿದ್ದ ಅದೇ ಸ್ಕೋಪನ್ನು ಕೊಂಡ. ಅಂಗಡಿಯವನು ಮತ್ತೆ ವಾಪಸು ತರುವುದಿಲ್ಲವೆಂದು ಆಣೆ ಮಾಡಿಸಿಕೊಂಡು ಸ್ವಲ್ಪ ಬೆಲೆಯನ್ನೂ ಇಳಿಸಿದ.

ಕೆರೆಯ ದಂಡೆಯ ಮೇಲೆ ಯಾವುದಪ್ಪ ಅದನ್ನು ಮೂರು ಕಾಲಿನ ಮೇಲೆ ನಿಲ್ಲಿಸಿದಾಗ ಗುಂಪೆಲ್ಲ ಸುತ್ತ ನೆರೆಯಿತು. ಬೀಸುಗಾಳಿ. ಹೆಂಡತಿ ಹತ್ತಿರ ಬರುತ್ತಿದ್ದಂತೆ ಅವಳ ಬಲಗಣ್ಣಿಗೆ ಧೂಳು ಬಿತ್ತು. ಸೆರಗಿನ ತುದಿಯಿಂದ ಆ ಕಣ್ಣನ್ನು ಒತ್ತಿಹಿಡಿದೇ, ಎಲ್ಲರೂ ಕಾಯುತ್ತಿದ್ದಾರಲ್ಲ ಅನ್ನುವ ಮುಜುಗರಕ್ಕೆ, ಎಡಗಣ್ಣನ್ನು ಸ್ಕೋಪಿಗೆ ಹಚ್ಚಿದಳು.

ಕೆರೆ ನಡುವಿನ ಕಂಬಕ್ಕೆ ಗುರಿ ಹಿಡಿದಳು. ಆಮೇಲೆ, ‘ಕಂಬ ನೆಟ್ಟಗಿದೆ,’ ಅಂದಳು.

ಸ್ಕೋಪನ್ನು ಮೆಲ್ಲಗೆ ತಿರುಗಿಸಿದಳು. ‘ನೀರುಕಾಗೆ ರೆಕ್ಕೆ ಒಣಗಿಸ್ತಾ ಇದೆ, ಕೊಕ್ಕಿನ ತುದಿ ಕೊಕ್ಕೆ ಕೂಡ ಕಾಣ್ತದೆ. ಕೆಸರಲ್ಲಿ ಹಸಿರುಗಾಲಿಂದು ಎರಡಿದೆ. ಪಕ್ಕದಲ್ಲಿರೋದು ಗದ್ದೆ ಗೊರವ ಅಲ್ಲ, ಡಾಕ್ಟ್ರೇ, ಬೆನ್ನು ನೋಡಿ, ಚುಕ್ಕೆ ಇಲ್ಲ. ಅದು ಬೇರೆ.’ ಪುಸ್ತಕಗಳು ಬಿಚ್ಚಿಕೊಂಡವು. ಹಲ್ಲಿನ ಡಾಕ್ಟರು ಪುಟ ಹುಡುಕಿ, ಹೌದೆಂದು ತಲೆ ಆಡಿಸಿದರು. ವರ್ಷವೊಂದರ ಮೇಲೆ ಗುಂಪು ಅವಳ ಕಡೆಗೆ ತಿರುಗಿತ್ತು.

ಯಾವುದಪ್ಪನ ಎದೆ ಉಬ್ಬಿತು. ಇಂಥ ಗಳಿಗೆ ಸಿಕ್ಕಿದಾಗ ಮಾತಾಡದೆ ಇರುವ ಜಾತಿಯಲ್ಲ ಅವನು. ‘ನೋಡಿದ್ರಾ?’ ಎಂದು ಶುರುಮಾಡಿದ. ‘ನಾನು ಮೊದಲಿಂದಲೂ ಇದನ್ನೇ ಹೇಳ್ತಾ ಬಂದೆ. ದುಬಾರಿಯದರಲ್ಲಿ ಏನಿಲ್ಲ, ಅಗ್ಗದ್ದರಲ್ಲಿ ಏನಿಲ್ಲ. ತಾಳ್ಮೆ ಬೇಕು ಅಷ್ಟೇ. ಅವಸರ ಮಾಡಿದ್ದಿದ್ರೆ ಯಾವುದೋ ಸೊಟ್ಟದ್ದನ್ನ ತಂದು…’

ಹೆಂಡತಿ ಅಷ್ಟರಲ್ಲಿ ಧೂಳು ತೆಗೆದು, ಕಣ್ಣು ಮಿಟುಕಿಸಿ, ರೂಢಿಯಂತೆ ಬಲಗಣ್ಣನ್ನು ಹಚ್ಚಿದ್ದಳು. ‘ರೀ,’ ಅಂದಳು. ‘ಮತ್ತೆ ಬಾಗಿಹೋಯ್ತು. ಏನಾದ್ರೂ ತಿರುಗಿಸಿದ್ರಾ?’

ಯಾವುದಪ್ಪ ಏನನ್ನೂ ಮುಟ್ಟಿರಲಿಲ್ಲ. ಅವನ ಎರಡೂ ಕೈ ಭಾಷಣದಲ್ಲಿದ್ದವು.

ಅವನ ಅಂಗಡಿಯ ಗೋಡೆಯ ಮೇಲೆ ಒಂದು ಚೌಕುಳಿ ಹಾಳೆ ಇದೆ. ಉದ್ದ ಗೆರೆ, ಅಡ್ಡ ಗೆರೆ, ನಡುವೆ ಒಂದು ಚುಕ್ಕೆ. ವಯಸ್ಸಾದ ಗಿರಾಕಿ ಬಂದರೆ ಒಂದೊಂದೇ ಕಣ್ಣು ಮುಚ್ಚಿಸಿ ಚುಕ್ಕೆ ನೋಡಲು ಹೇಳುತ್ತಾನೆ. ಗೆರೆ ಬಾಗಿದೆ ಅಂದರೆ, ಚುಕ್ಕೆ ಒರೆಸಿದ ಹಾಗಿದೆ ಅಂದರೆ, ಅದು ಗಾಜಿನಿಂದ ಸರಿಹೋಗುವ ಕೆಲಸವಲ್ಲ. ಕಣ್ಣಿನ ಹಿಂದಿನ ಪರದೆ ಕೆಟ್ಟಿದೆ ಅಂತ ಅರ್ಥ. ಅಂಥವರಿಗೆ ಅವನು ಕನ್ನಡಕ ಮಾರುವುದಿಲ್ಲ, ಅವತ್ತೇ ಕಣ್ಣಿನ ಆಸ್ಪತ್ರೆಗೆ ಓಡಿಸುತ್ತಾನೆ. ಒಂದು ವಾರ ತಡವಾದರೂ ಹೋದದ್ದು ಬರುವುದಿಲ್ಲ ಎಂದು ಹೆದರಿಸಿ ಕಳಿಸುತ್ತಾನೆ. ಈಗ ಒಂದು ವರ್ಷದಿಂದ ಆ ಹಾಳೆಯ ಮೇಲೆ ಸ್ಕೋಪುಗಳ ಬಣ್ಣದ ಚಿತ್ರ ಅಂಟಿಸಿತ್ತು. ಅಂಟಿಸಿದವನು ಅವನೇ.

ಗುಂಪಿನವರು ಅವನ ಭಾಷಣ ಮುಂದುವರಿಯಲಿ ಎಂದು ಕಾಯುತ್ತಿದ್ದರು. ಅವನು ಹೆಂಡತಿಯ ಹತ್ತಿರ ಹೋಗಿ, ಅವಳ ಎಡಗಣ್ಣಿನ ಮೇಲೆ ತನ್ನ ಅಂಗೈ ಮುಚ್ಚಿದ.

‘ನನ್ನ ಮುಖ ನೋಡು. ಏನು ಕಾಣ್ತದೆ?’

‘ಕಿವಿ ಕಾಣ್ತದೆ. ಕೂದಲು ಕಾಣ್ತದೆ,’ ಅಂದಳು. ಆಮೇಲೆ ಒಂದಿಷ್ಟು ಹುಡುಕಿದಳು. ‘ನಡುವೆ ಏನೂ ಇಲ್ಲ ರೀ. ಮುಖ ಇರೋ ಜಾಗದಲ್ಲಿ ಒರೆಸಿದ ಹಾಗಿದೆ.’

ಕಣ್ಣಿನ ಆಸ್ಪತ್ರೆಯ ಡಾಕ್ಟರಮ್ಮನಿಗೆ ಯಾವುದಪ್ಪ ಹೊಸಬನಲ್ಲ. ವರ್ಷಗಳಿಂದ ಅವನು ಚೀಟಿ ಬರೆದು ಕಳಿಸಿದ ಗಿರಾಕಿಗಳನ್ನು ಅವರು ಸಾಲಿನಲ್ಲಿ ನಿಲ್ಲಿಸದೆ ಒಳಗೆ ಕರೆಯುತ್ತಿದ್ದರು. ಇವತ್ತೂ ಹಾಗೆಯೇ ಕರೆದರು. ಅವಳ ಕಣ್ಣಿಗೆ ಹನಿ ಹಾಕಿ, ಕತ್ತಲ ಕೋಣೆಯಲ್ಲಿ ಕೂರಿಸಿ, ಯಂತ್ರದ ಆಚೆಯಿಂದ ಬಹಳ ಹೊತ್ತು ನೋಡಿದರು. ಆಮೇಲೆ ದೀಪ ಹಾಕಿದರು.

‘ಎಡಗಣ್ಣು ಚೆನ್ನಾಗಿದೆ, ಅದನ್ನ ಕಾಪಾಡ್ಕೋಬೇಕು,’ ಅಂದರು. ‘ಬಲಗಣ್ಣಿಗೆ ಇಂಜೆಕ್ಷನ್ ಕೊಟ್ಟು ನೋಡೋಣ, ಇನ್ನೂ ಕೆಡದ ಹಾಗೆ ತಡೀಬಹುದು. ಹೋಗಿರೋ ದೃಷ್ಟಿ ವಾಪಸ್ ಬರಲ್ಲ. ಶುರುವಲ್ಲೇ ಬಂದಿದ್ರೆ ಪೂರ್ತಿ ಅಲ್ಲದಿದ್ರೂ ಬಹಳಷ್ಟು ಉಳೀತಿತ್ತು. ಗೆರೆ ಬಾಗಿ ಕಾಣೋಕೆ ಶುರುವಾಗಿದ್ದು ಯಾವಾಗಮ್ಮ?’

‘ಹೋದ ಚಳಿಗಾಲ.’

‘ಹೋದ ಚಳಿಗಾಲವಾ? ಮನೆಯಲ್ಲಿ ಯಾರಿಗೂ ಹೇಳಲಿಲ್ವಾ?’

ಅವಳು ಕೈಯಲ್ಲಿದ್ದ ಹತ್ತಿಯನ್ನು ಮಡಿಸಿದಳು, ಬಿಡಿಸಿದಳು. ಗಂಡನ ಕಡೆ ನೋಡಲಿಲ್ಲ. ‘ಇಲ್ಲ,’ ಅಂದಳು. ‘ಯಾರಿಗೂ ಹೇಳಿರಲಿಲ್ಲ.’

ಡಾಕ್ಟರಮ್ಮನಿಗೆ ಸಿಟ್ಟು ಬಂತು. ‘ಎಲ್ಲಾ ಮನೇಲೂ ಇದೇ ಕತೆ. ಹೆಂಗಸರು ಬಾಯಿ ಬಿಡಲ್ಲ. ಇವರು ಎಷ್ಟು ಜನರ ಕಣ್ಣು ಉಳಿಸಿದ್ದಾರೆ ಗೊತ್ತಾ ನಿಮಗೆ? ಗೆರೆ ಸೊಟ್ಟ ಅಂತ ಗಿರಾಕಿ ಬಾಯಿಂದ ಬಂದ್ರೆ ಸಾಕು, ಅವತ್ತೇ ನನ್ನ ಹತ್ತಿರ ಕಳಿಸ್ತಾರೆ. ಅಂಥವರನ್ನ ಮನೇಲೇ ಇಟ್ಕೊಂಡು, ಒಂದು ಮಾತು ಹೇಳೋಕೆ ನಿಮಗೇನಾಗಿತ್ತು?’

ಅವಳು ತಲೆ ತಗ್ಗಿಸಿ ಬೈಸಿಕೊಂಡಳು. ‘ತಪ್ಪಾಯ್ತು,’ ಎಂದೂ ಅಂದಳು.

ಯಾವುದಪ್ಪ ಬಾಗಿಲ ಹತ್ತಿರ ನಿಂತಿದ್ದ. ಸುಮ್ಮನಿದ್ದರೆ ಆಗಿತ್ತು. ಅವನ ಹೆಸರು ಹಾಗೇ ಉಳಿಯುತ್ತಿತ್ತು, ನಾಳೆಯಿಂದ ಚೀಟಿಗಳಿಗೂ ಅದೇ ಮರ್ಯಾದೆ ಸಿಗುತ್ತಿತ್ತು. ಹೆಂಡತಿ ಅವನಿಗಾಗಿ ಅದನ್ನು ಆಗಲೇ ತೀರ್ಮಾನ ಮಾಡಿಕೊಟ್ಟಿದ್ದಳು. ಅವನು ತಲೆಯಾಡಿಸಿದರೆ ಸಾಕಾಗಿತ್ತು.

‘ಹೇಳಿದ್ದಳು ಡಾಕ್ಟ್ರೇ,’ ಅಂದ. ‘ನನಗೇ ಹೇಳಿದ್ದಳು, ಪ್ರತಿ ಸಲವೂ ಹೇಳಿದ್ದಳು. ನಾನು ದುರ್ಬೀನು ಬದಲಾಯಿಸ್ತಾ ಇದ್ದೆ.’